ಕರಿಬೇವಿನ ಕಾಡು

ಬೋರಾ ಬಜಾರಿನ ರಾತ್ರಿಶಾಲೆಯಲ್ಲಿ
ಆ ವರ್ಷ ಐತಪ್ಪ ಮಾಸ್ತರರಿಗೆ ನಾಟಕದ ಹುಚ್ಚು.
ಎಲ್ಲಿಯದೋ ಚಳಿದೇಶದ ಕತೆ:
ಮನೆಗೆ ಉಣ್ಣಲು ಬಂದ ದೊರೆಯನ್ನು
ಮಲಗಿದಲ್ಲೇ ಮುಗಿಸಿ ದೊರೆಯಾದವನದು.

‘ಉಣ್ಣಲು ಬಂದವನನ್ನೇ?’ ಎಂದ ಸಪ್ಲೈಯರ್ ಬಾಬು ಮೊಯಿಲಿ,
‘ಬಿಲ್ಲು ಕೊಡುವ ಮೊದಲೋ, ಆಮೇಲೋ?’
ನಕ್ಕೆವು. ರಾತ್ರಿ ಹತ್ತರ ನಗು,
ಬೆಳಗಿನಿಂದ ನಿಂತೇ ಇದ್ದ ಕಾಲುಗಳ ನಗು.

ಹುಡುಗಿಯರಿಲ್ಲದ ಶಾಲೆ. ದೊರೆಸಾನಿಯ ಪಾತ್ರ
ನನಗೆ ಬಂತು. ಮೀಸೆ ಚಿಗುರಿರಲಿಲ್ಲ.
ಮತ್ತೆ, ಕೈ ತೊಳೆಯುವುದು, ಮಾಸ್ತರರು ಅಂದರು,
ನಮ್ಮ ದೂಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಿಜ. ನಾನು ಕಪ್ಪು-ಬಸಿ ತೊಳೆಯುವವ.
ಬೆರಳ ಸಂದಿ ಸದಾ ಬಿಳಿಚಿ, ನೆನೆದು, ಬೆಂಡು.
ಆದರೂ ಆ ದೃಶ್ಯ ಕೈಗೆ ಹತ್ತಲಿಲ್ಲ.
‘ಎಂಜಲು ತೊಳೆದಂತೆ ತೊಳೆಯಬೇಡವೋ,
ಎಂಜಲಾದರೆ ಹೋಗುತ್ತದೆ.’
‘ಮತ್ತೆ ಕಲೆ ಎಲ್ಲಿದೆ ಮಾಸ್ತರೇ?’
‘ಇಲ್ಲ. ಅದಕ್ಕೇ ಉಜ್ಜುತ್ತಿದ್ದಾಳೆ.’
ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಅರ್ಥವಾಗಲಿಲ್ಲ.

ಕೊನೆಗೆ ಕಾಡು ನಡೆದು ಬರಬೇಕು.
ಫೋರ್ಟು: ಹೆಸರಿಗೆ ಕೋಟೆ, ಗೋಡೆಯಿಲ್ಲ,
ಕಾಡಂತೂ ಕೇಳಲೇಬೇಡಿ.
ಆರು ಹೋಟೆಲುಗಳ ಅಡುಗೆಮನೆಯಿಂದ
ಕರಿಬೇವಿನ ಕಟ್ಟುಗಳು ಬಂದವು.
ಹದಿಮೂರು ಹುಡುಗರು ತಲೆಯ ಮೇಲೆ ಹಿಡಿದು
ಬೆಂಚುಗಳ ನಡುವೆ ಸರಿಸರಿದು ಬರುವಾಗ
ಮುಂದಿನ ಸಾಲಿನಲ್ಲಿ ನಮ್ಮ ಗಲ್ಲೆಯ ಕುಂಞಣ್ಣ
ನಕ್ಕು ನಕ್ಕು ಕಣ್ಣೊರೆಸಿಕೊಂಡರು:
‘ನಾಳೆಯ ಸಾಂಬಾರಿಗಿಷ್ಟು ಉಳಿಸಿರೋ!’

ಕುಂಞಣ್ಣ. ನನಗೆ ಮೊದಲ ಅಂಗಿ ಹೊಲಿಸಿದವರು.
ಮನಿಯಾರ್ಡರು ಬರೆಯಲು ಕಲಿಸಿದವರು.
ಅವರ ಬೆನ್ನಿಗೆ ದೇವರ ಪಟ, ಊದುಬತ್ತಿ,
ನೆತ್ತಿಗೆ, ನಮಗ್ಯಾರಿಗೂ ಇಲ್ಲದ ಒಂದು ಫ್ಯಾನು.

ಮೂರು ವರ್ಷದ ಮೇಲೆ, ರುಬ್ಬುವ ಕಲ್ಲಿನ ಸುತ್ತ
ಮೂವರು, ಇಡ್ಲಿಯ ಹಬೆಯಲ್ಲಿ ಮುಖ ಕಾಣದು:
‘ದೂಮ, ನೀನೀಗ ಮೆಟ್ರಿಕ್ಕು. ಮುಂದೆ ಗಲ್ಲೆ ನಿನ್ನದೇ.’
ತಮಾಷೆ. ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದರು.
ನಾನು ನಗಲಿಲ್ಲವೆಂಬುದು
ಆಗ ನನಗೇ ಗೊತ್ತಾಗಲಿಲ್ಲ.

ಒಂದು ಶನಿವಾರ ಲೆಕ್ಕದಲ್ಲಿ ನೂರು ಕಮ್ಮಿ.
ಒಂದೇ ನೋಟು. ಡ್ರಾವರಿನ ಹಿಂದಿನ ಸೀಳಿಗೆ
ಅದು ಹಾರಿ ಬಿದ್ದದ್ದನ್ನು
ಮಧ್ಯಾಹ್ನ ಮೇಜೊರೆಸುವಾಗ ನಾನು ಕಂಡಿದ್ದೆ.
ಧಣಿಗಳು ಎಲ್ಲರನ್ನೂ ಕೇಳಿದರು.
ನನ್ನನ್ನೂ.
ಕತ್ತಿಯಿಲ್ಲ, ಕತ್ತಲೆಯೂ ಇಲ್ಲ,
ಟ್ಯೂಬ್‌ಲೈಟಿನ ಕೆಳಗೆ, ಎಲ್ಲರೆದುರು
ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿದೆ,
ಅಷ್ಟೆ.

ಅವರು ವಾದಿಸಲಿಲ್ಲ. ಟ್ರಂಕು ಹೊತ್ತವನು ನಾನೇ.
ಬಸ್ಸು ಹತ್ತುವಾಗ ಹೆಗಲು ಮುಟ್ಟಿ ಅಂದರು:
‘ಫ್ಯಾನು ಎರಡಕ್ಕಿಂತ ಜೋರು ಬೇಡ ಮಾರಾಯ,
ನೋಟು ಹಾರುತ್ತದೆ.’

ಇಪ್ಪತ್ತೆರಡು ವರ್ಷ. ಎರಡರಲ್ಲೇ ಇದೆ ಫ್ಯಾನು.
ಆ ಡ್ರಾವರನ್ನು ಪೂರ್ತಿ ಎಳೆದು ನೋಡಿಲ್ಲ.
ಬಾಗಿಲು ಹಾಕಿದ ಮೇಲೆ ಹುಡುಗರು
ಜೋಡಿಸಿದ ಮೇಜುಗಳ ಮೇಲೆ ಬಿದ್ದಲ್ಲೇ ನಿದ್ದೆ.
ನಾನು ಎದ್ದು ನಲ್ಲಿ ಸರಿಯಾಗಿ ಮುಚ್ಚಿದೆಯೋ ನೋಡುತ್ತೇನೆ.
ಮತ್ತೊಮ್ಮೆ ನೋಡುತ್ತೇನೆ.
ಬೆರಳೆಲ್ಲ ಈಗ ಒಣ, ಕಾಗದದ ಹಾಗೆ.

ನಿನ್ನೆ ಐತಪ್ಪ ಮಾಸ್ತರರು ಬಂದಿದ್ದರು.
ಕಣ್ಣು ಮಂಜು; ದನಿ ಕೇಳಿ ಗುರುತು ಹಿಡಿದರು.
ಎರಡು ಇಡ್ಲಿ, ಅರ್ಧ ಕಪ್ಪು ಕಾಫಿ.
‘ಇಲ್ಲಿ ಒಬ್ಬರು ಕೂರುತ್ತಿದ್ದರಲ್ಲ,
ಕಾಡು ನೋಡಿ ನಕ್ಕವರು?’
‘ಊರಿಗೆ ಹೋದರು’ ಅಂದೆ.

ಅಷ್ಟರಲ್ಲಿ ಮಾರ್ಕೆಟ್ಟಿನ ಹುಡುಗ,
ತಲೆ ಕಾಣದಷ್ಟು ಕರಿಬೇವು ಹೊತ್ತು,
ಹಿಂಬಾಗಿಲಿಂದ ಒಳಗೆ ಬಂದ.
ಮಾಸ್ತರರು ಮೂಗರಳಿಸಿ ಆ ಕಡೆ ತಿರುಗಿದರು.

ನಾನು ಅವರ ಚಿಲ್ಲರೆ ಎಣಿಸಿದೆ.
ಇನ್ನೊಮ್ಮೆ ಎಣಿಸಿದೆ.
ಎರಡು ಸಲವೂ ಸರಿಯಿತ್ತು.