ಅಜ್ಜಿಯ ಎಣಿಕೆ

ಸೊರೋಕಾದಲ್ಲಿ ನಮ್ಮಜ್ಜಿ ಪೆಸ್ಯಾ
ಮೊಟ್ಟೆ ಎಣಿಸುವಳು, ಬಾತು ಎಣಿಸುವಳು,
ಒಗೆದು ಹಾಕಿದ ಕಾಲುಚೀಲ ಎಣಿಸುವಳು.
ಮನುಷ್ಯರನ್ನು ಮಾತ್ರ ಎಣಿಸಳು,
ದೃಷ್ಟಿ ತಾಗುತ್ತದೆ.
ಆದರೂ ಶುಕ್ರವಾರ ಸಂಜೆ ತಟ್ಟೆ ಇಡಬೇಕಲ್ಲ,
ನಮ್ಮ ತಲೆತಲೆಯ ಮೇಲೂ ಬೆರಳಾಡಿಸುತ್ತ ಗೊಣಗುವಳು:
ಒಂದಲ್ಲ, ಎರಡಲ್ಲ, ಮೂರಲ್ಲ...
ಹನ್ನೊಂದಲ್ಲ.
ಬಾಗಿಲಲ್ಲಿ ಸಾವಿನ ದೂತ ಕಿವಿಗೊಟ್ಟು ನಿಂತಿದ್ದರೆ
ಇಲ್ಲಿ ಯಾರೂ ಇಲ್ಲವೆಂದು ಹಿಂದಿರುಗಲಿ.
ತಟ್ಟೆ ಸರಿಯಾಗಿ ಹನ್ನೊಂದೇ ಇರುತ್ತಿದ್ದವು.

ನಾನು ಕಲಿತ ಮೊದಲ ಗಣಿತ ಇದು:
ಅಲ್ಲ ಅಲ್ಲ ಎನ್ನುತ್ತಲೇ ಹೌದನ್ನು ಮುಟ್ಟುವುದು.
ಇದಕ್ಕೊಂದು ಲ್ಯಾಟಿನ್ ಹೆಸರಿದೆಯೆಂದು ತಿಳಿದಾಗ
ಹೇಳೋಣವೆಂದರೆ ಅಜ್ಜಿ ಇರಲಿಲ್ಲ.

ಅಣ್ಣ ಲೀಬರ್‌ನ ಸ್ಲೇಟಿನ ಮೇಲೆ
ರೆಬ್ಬೆ ಜೇನಿನಲ್ಲಿ ಆಲೆಫ್ ಬರೆದ, ಅಣ್ಣ ನೆಕ್ಕಿದ.
ಮನೆಗೆ ಬಂದ ಸ್ಲೇಟಿನ ಚೌಕಟ್ಟಿನ ಸಂದಿಯಲ್ಲಿ
ಅಂಟಿಕೊಂಡಿದ್ದನ್ನು ನಾನು ನೆಕ್ಕಿದೆ.
ಮರದ ರುಚಿಯೂ ಸೇರಿತ್ತು.
ಹೆಣ್ಣಿನ ಅಕ್ಷರಾಭ್ಯಾಸ.

ಮೂವತ್ತೊಂದರ ಮಾರ್ಚಿನಲ್ಲಿ, ಫ್ಲೊರೆಷ್ಟಿ ಸ್ಟೇಷನ್ನಿನಲ್ಲಿ,
ಹನ್ನೊಂದರಲ್ಲಿ ಐವರು ರೈಲು ಹತ್ತಿದೆವು.
ಉಳಿದವರು: ಅಜ್ಜಿ, ಚಿಕ್ಕಪ್ಪಂದಿರಿಬ್ಬರು,
ಅತ್ತೆ, ಅವಳ ಅವಳಿಗಳು.
ಅಜ್ಜಿ ಬೆರಳೆತ್ತಿದ್ದನ್ನು ಕಂಡೆ.
ತುಟಿ ಅಲ್ಲಾಡಿದ್ದು ಹೊಗೆಯಲ್ಲಿ ಕಾಣಲಿಲ್ಲ.

ಮಾಂಟೆವಿಡಿಯೊ ಬಂದರಿನಲ್ಲಿ ಟೋಪಿಯವನೊಬ್ಬ
ನಮ್ಮನ್ನು ಗಟ್ಟಿಯಾಗಿ ಎಣಿಸಿಬಿಟ್ಟ,
ಒಂದು, ಎರಡು, ಮೂರು, ನಾಲ್ಕು, ಐದು.
ಅಮ್ಮ ಮೂರು ಸಲ ಉಗುಳಿದಳು. ದಂಡ ಕಟ್ಟಿದೆವು.

ರೆಯೂಸ್ ಓಣಿಯ ಒಂದೇ ಕೋಣೆ. ಅಪ್ಪ ಹೆರ್ಶ್
ಹೆಗಲ ಮೇಲೆ ಕಂಬಳಿ ಹೇರಿಕೊಂಡು ಕಂತಿನ ಮೇಲೆ ಮಾರಿದ.
ಗಿರಾಕಿಗೊಂದು ಕಾರ್ಡು. ಸ್ಪ್ಯಾನಿಷ್ ಹೆಸರು ಬರೆಯಲು ಬಾರದು,
ಯಿಡ್ಡಿಷ್‌ನಲ್ಲಿ ಗುರುತು:
ಹಸಿರು ಬಾಗಿಲು ಕುಂಟುನಾಯಿ, ನಲವತ್ತು ಬಾಕಿ.
ಗಂಡ ಹಡಗಿನಲ್ಲಿ, ಕೇಳಬೇಡ, ಹದಿನೈದು ಬಾಕಿ.
ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ;
ಎರಡೂ ಡಿಕ್ಕಿ ಹೊಡೆಯುವ ಜಾಗದಲ್ಲಿ
ರಾತ್ರಿ ದೀಪ ಹಿಡಿದು ಕೂತವಳು ನಾನು.

ಹಿಂದಾ ಎಂದರೆ ಜಿಂಕೆ.
ಶಾಲೆಯ ರಿಜಿಸ್ಟರಿನಲ್ಲಿ ಲಿಂದಾ ಆಯಿತು, ಎಂದರೆ ಚೆಲುವೆ.
ಎರಡೂ ನಾನಲ್ಲ.
ಒತೆರ್ಮಿನ್ ಟೀಚರು ಕ್ರಿಯಾಪದ ಕೇಳಿದರು, ತಡವರಿಸಿದೆ,
ಇಡೀ ತರಗತಿ ನಕ್ಕಿತು.
ಬಾಯಿ ಬೇಡ, ಸೀಮೆಸುಣ್ಣ ಹಿಡಿ ಅಂದರು.
ಹಿಡಿದದ್ದು ಬಿಟ್ಟಿಲ್ಲ.

ಇವಳಿಗೆ ಗಂಡು ಸಿಗುವುದಿಲ್ಲ ಅಂದಳು ಅಮ್ಮ.
ಅಂದವಳೇ ಊರಿಂದ ಹೊತ್ತು ತಂದ
ಬಾತುಗರಿಯ ರಜಾಯಿ ಮಾರಿ ನನ್ನ ಫೀಸು ಕಟ್ಟಿದಳು.
ಈ ಊರಿನ ಚಳಿಗೆ ಅಷ್ಟೆಲ್ಲ ಬೇಡ ಬಿಡು.
ಪ್ರತಿ ಜುಲೈ ತಿಂಗಳು ಅವಳ ಮಂಡಿ ಹಿಡಿದುಕೊಳ್ಳುತ್ತಿತ್ತು.

ವಿಶ್ವವಿದ್ಯಾಲಯದ ಹಲಗೆಯ ಮೇಲೆ ಮತ್ತೆ ಆಲೆಫ್ ಸಿಕ್ಕಿತು,
ಪಾದದಲ್ಲೊಂದು ಸೊನ್ನೆ ಕಟ್ಟಿಕೊಂಡು,
ಎಣಿಸಿ ಮುಗಿಯದ್ದರ ಗುರುತಾಗಿ.
ಇಡೀ ತರಗತಿ ಬರೆದುಕೊಳ್ಳುತ್ತಿತ್ತು,
ನನ್ನ ನಾಲಿಗೆಯಲ್ಲಿ ನೀರು.

ನಲವತ್ತೊಂದರ ಕೊನೆಗೆ ಅಪ್ಪನ ಕಾಗದಗಳು
ಮುದ್ರೆ ಹೊಡೆಸಿಕೊಂಡು ವಾಪಸು ಬರತೊಡಗಿದವು.
ಒಂದು ರಾತ್ರಿ ಹೊಸ ಕಾರ್ಡು ತೆಗೆದ. ಸೊರೋಕಾ ಎಂದು ಬರೆದ.
ಬಾಕಿ ಎಂಬಲ್ಲಿ ಪೆನ್ಸಿಲ್ ಊರಿ ಬಹಳ ಹೊತ್ತು ಕೂತ.
ಕಾರ್ಡು ಈಗಲೂ ನನ್ನ ಹತ್ತಿರ ಇದೆ,
ಅಲ್ಲೊಂದು ಚುಕ್ಕೆ, ಅಷ್ಟೆ.

ಈಗ ನನ್ನ ನೆನಪುಗಳನ್ನು ಅಚ್ಚು ಹಾಕುವ ಹುಡುಗ,
ವಿನಯವಂತ, ಫೋನು ಮಾಡುತ್ತಾನೆ:
ಓದುವವರಿಗೆ ಒಂದು ಸಂಖ್ಯೆ ಬೇಕು ಪ್ರೊಫೆಸರ್,
ನಿಮ್ಮ ಕಡೆಯವರು ಎಷ್ಟು ಜನ?
ಅನಂತ ಅನಂತಗಳನ್ನು ಅಕ್ಕಪಕ್ಕ ನಿಲ್ಲಿಸಿ
ಯಾವುದು ದೊಡ್ಡದೆಂದು ಹೇಳಿ ಸಂಬಳ ಪಡೆದವಳು ನಾನು.
ಒಂದು ಕೈಯ ಬೆರಳು ಮುಗಿದು ಇನ್ನೊಂದು ಬೆರಳು,
ಅಷ್ಟೇ ಲೆಕ್ಕ. ಬರೆಯಲಾಗಲಿಲ್ಲ.
ಟೈಪ್ ಮಾಡಿ ಕಳಿಸಿದೆ: ಒಂದಲ್ಲ, ಎರಡಲ್ಲ,
ಮೂರಲ್ಲ, ನಾಲ್ಕಲ್ಲ, ಐದಲ್ಲ,

ಅಲ್ಪವಿರಾಮದ ಪಕ್ಕ ಪೆನ್ಸಿಲಿನಲ್ಲಿ ಕೇಳಿದ್ದಾನೆ:
ಇದು ಸಂಖ್ಯೆಯೇ?

ಅಲ್ಲ ಎಂದು ಬರೆದು ವಾಪಸು ಕಳಿಸಿದೆ.