ಅಸ್ತರು

ಮಾತ್ರೆ ಶುರುವಾಗಿ ಏಳನೇ ವಾರ,
ಗಾಂಧಿ ಬಜಾರಿನ ಮಹಡಿಯಂಗಡಿಯಲ್ಲಿ
ಯಾರದೋ ಮದುವೆ ರವಿಕೆಗೆ ಹುಕ್ಕು ಹಾಕುತ್ತಾ
ನೋಡಿಕೊಂಡರೆ, ನನ್ನದು ಒದ್ದೆ.

ಬೆವರಲ್ಲ.
ನಲವತ್ತೊಂದು. ಮದುವೆಯಿಲ್ಲ, ಬಸಿರಿಲ್ಲ.
ಹಾಲು.

ಚಹಾ ಚೆಲ್ಲಿತು ಅಂದೆ ಸಫೂರಾಗೆ.
ಮೂರು ಹೆತ್ತವಳು. ಏನೂ ಕೇಳದೆ
ಅಸ್ತರಿನ ಮಲ್ಲು ಬಟ್ಟೆ ಕತ್ತರಿಸಿ
ನಾಲ್ಕು ಮಡಿಕೆ ಮಾಡಿ
ಮಿಷನ್ನಿನ ಪಕ್ಕ ಇಟ್ಟಳು.

ಮೆಗ್ಗಾನಿನಲ್ಲಿ ಡಾಕ್ಟರು ಬರೆಯುತ್ತಲೇ ಅಂದರು,
"ಕೆಲವರಿಗೆ ಹೀಗೂ ಆಗುತ್ತೆ.
ರಕ್ತ ಕೊಡಿ, ಮಾತ್ರೆ ಬದಲಾಯಿಸೋಣ.
ನೀವಾಗೇ ನಿಲ್ಲಿಸಬೇಡಿ."
ಮೊದಲೇ ಯಾಕೆ ಹೇಳಲಿಲ್ಲ?
ಆಗ ತಲೆಯೆತ್ತಿದರು. "ಹೇಳಿದ್ರೆ ನುಂಗ್ತಿದ್ರಾ?"

ಗೊತ್ತಿಲ್ಲ.
ಗೊತ್ತಿರುವುದಿಷ್ಟು: ಕಾಲಿಟ್ಟೊಡನೆ
ನನ್ನ ಹೆಸರು ಹಿಡಿದು ಬೈಯುತ್ತಿದ್ದ ಮಿಷನ್ನು
ಈಗ ಬರೀ ಟರಟರ ಅನ್ನುತ್ತದೆ.
ಬಾಬಿನ್ನಿನಲ್ಲಿ ದಾರವಿದೆ, ದಾರ ಮಾತ್ರ.
ಅದಕ್ಕೆ ಇಷ್ಟು ಬೆಲೆಯೇ ಎಂದು
ಗಿರಾಕಿಯ ಹಾಗೆ ಚೌಕಾಸಿ ಮಾಡುತ್ತಾ
ದಿನಾ ಎರಡು ರವಿಕೆ ಮುಗಿಸುತ್ತೇನೆ.

ರಾತ್ರಿ ಮಡಿಕೆ ಬಿಚ್ಚಿ,
ಒಗೆದು, ಒಳಗಿನ ಹಗ್ಗಕ್ಕೇ ಹರವುತ್ತೇನೆ.
ಹೊರಗೆ ಹರವಿದರೆ ಯಾರ ಮಗುವಿನದು ಅಂತಾರೆ.

ಒಮ್ಮೆ, ಒಂದೇ ಸಲ,
ಬೆರಳಿಗೆ ತಾಗಿದ್ದನ್ನು ನಾಲಿಗೆಗೆ ಮುಟ್ಟಿಸಿದೆ.
ಸಿಹಿಯಿತ್ತು.
ಅದನ್ನು ಡಾಕ್ಟರಿಗೆ ಹೇಳಿಲ್ಲ.