ಎಡಗೈ ಹೆಣಿಗೆ

ಅಸಲನ್ನು ನಾವು ಸಾಗಿಸಿದ್ದು ಮಂಗಳವಾರ,
ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ.
ತಮ್ಮ ಪಾಲ್ಲೆ ಕಾಲು ಹಿಡಿದ, ನಾನು ಬೆನ್ನು;
ಹೆಣ ಹೊರುವವರ ಹಾಗೆ ಬಾಗಿಲಲ್ಲಿ ಓರೆಯಾಗಿ
ಆರ್ಹುಸ್‌ನಿಂದ ಬಂದವನ ವ್ಯಾನಿಗೆ ಏರಿಸಿದೆವು.
ಅವನು ಫೋನಿನಲ್ಲೇ ದುಡ್ಡು ದಾಟಿಸಿದ.
ಮಾಡಿನ ಹುಲ್ಲು ಕೊಳೆತಿತ್ತು, ಬದಲಿಸಬೇಕಿತ್ತು.
ಅದು ನೆಪವೂ ಹೌದು, ನಿಜವೂ ಹೌದು.

ಅದರ ಜಾಗಕ್ಕೆ ಇದು.
ಚಪ್ಪಟೆ ಪೆಟ್ಟಿಗೆಯಲ್ಲಿ ಬಂತು: ಎಂಟು ಸ್ಕ್ರೂ,
ಸೊಟ್ಟ ಕೀಲಿ ಒಂದು, ಮಾತಿಲ್ಲದ ಚಿತ್ರಗಳ ಹಾಳೆ.
ಅದೇ ಅಗಲದ ತೋಳು, ಅದೇ ಹಿಂದಕ್ಕೊರಗಿದ ಸೋಮಾರಿ ಬೆನ್ನು,
ಅದೇ ಕಾಗದದ ಹುರಿಯ ಆಸನ, ಗೋಧಿ ಬಣ್ಣದ್ದು.
ಹೊಸತು ಹೊಸತಾಗಿ ಕಾಣಬಾರದಲ್ಲ,
ಓಕ್ ಮರಕ್ಕೆ ಸಾಬೂನು ನೀರು ತಿಕ್ಕಿದೆ,
ಮೇಲೆ ಚಹಾದ ಗಸಿ. ಬಲದ ತೋಳಿನಲ್ಲಿ,
ಅಪ್ಪ ಕಪ್ಪಿಡುವ ಕಡೆ, ಕುದಿವ ಕಾಫಿ ಒತ್ತಿ
ಒಂದು ಉಂಗುರ ಕೂಡ ಬರೆದೆ.
ಇಷ್ಟೊಂದು ಕಲೆ ನನ್ನ ಕೈಯಲ್ಲಿದೆಯೆಂದು
ಅಲ್ಲಿವರೆಗೆ ನನಗೇ ಗೊತ್ತಿರಲಿಲ್ಲ.

ಅಪ್ಪ ಬಂದ. ಕೂತ.
ಬೊಗೆನ್ಸೆಯ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಆಸನ ಹೆಣೆದ ಎಸ್ಕಿಲ್ಡ್,
ಹುರಿ ಎಳೆದೆಳೆದು ಹೆಬ್ಬೆರಳ ಬುಡದಲ್ಲಿ ಬಿದ್ದ ಕಾಲುವೆ
ಇನ್ನೂ ಮುಚ್ಚದ ಮನುಷ್ಯ,
ಕೂತು, ಏನೂ ಅನ್ನಲಿಲ್ಲ.
ರೇಡಿಯೋ ಹಡಗುಗಳಿಗೆ ಹವಾಮಾನ ಓದುತ್ತಿತ್ತು.
"ಗಾಳಿ ದಿಕ್ಕು ಬದಲಿಸಿದೆ" ಎಂದ ಸ್ವಲ್ಪ ಹೊತ್ತಿಗೆ.
ನಾನದನ್ನು ಹವಾಮಾನವೆಂದೇ ತಿಳಿದೆ.

ಒಂಬತ್ತು ದಿನ.

ಹತ್ತನೆಯ ದಿನ ನಾನು ಬಂದಾಗ ಮೂರೂವರೆ, ಆಗಲೇ ಕತ್ತಲು.
ದೀಪ ಹಾಕದೆ ನೆಲದ ಮೇಲೆ ಕೂತಿದ್ದ.
(ಪೊರೆ ಬಂದ ಕಣ್ಣಿಗೆ ದೀಪದ ಹಂಗೇನು.)
ಎರೆಯಲು ಕಾಲ ಮೇಲೆ ಮಲಗಿಸಿಕೊಂಡ ಕೂಸಿನ ಹಾಗೆ
ಕುರ್ಚಿ ಬೋರಲು ಬಿದ್ದಿತ್ತು ಅವನ ಮಡಿಲಲ್ಲಿ,
ಅದರ ಹೊಟ್ಟೆಯೊಳಗೆ ಎರಡೂ ಕೈ.

"ಎಷ್ಟು ಕೊಟ್ಟ?"
ಹೇಳಿದೆ.
"ಮೋಸ" ಎಂದ.
ಆ ಮಾತು ಯಾರ ಬಾಗಿಲು ತಟ್ಟಬೇಕೆಂದು ತಿಳಿಯದೆ
ಸುಮಾರು ಹೊತ್ತು ನಮ್ಮ ನಡುವೆಯೇ ನಿಂತಿತ್ತು.

"ಬಾ. ಕೈ ಕೊಡು."
ನನ್ನ ಬೆರಳು ಹಿಡಿದು ಅಡಿಯ ಸಾಲುಗಳ ಮೇಲೆ ನಡೆಸಿದ,
ಮರಳಲ್ಲಿ ಅಕ್ಷರ ತಿದ್ದಿಸುವವನಂತೆ.
"ಯಂತ್ರ ಅಂದುಕೊಂಡಿದ್ದೆ. ಅಲ್ಲ.
ಬಲಕ್ಕೆ ವಾಲಬೇಕಾದ ಹುರಿ ಎಡಕ್ಕೆ ವಾಲಿದೆ. ಎಡಗೈಯವಳು.
ಹೆಣ್ಣೇ ಇರಬೇಕು, ಇಷ್ಟು ಒಳಗೆ ಗಂಟು ತೂರಿಸಲು
ನಮ್ಮ ಬೆರಳಿಗೆ ಜಾಗ ಸಾಲದು.
ಮೊದಲ ಸಾಲುಗಳು ಬಿಗಿ: ಬೆಳಗಿನ ಕೈ.
ಇಗೋ ಹದಿನಾಲ್ಕು. ಇಲ್ಲಿ ಯಾರೋ ಕರೆದಿದ್ದಾರೆ,
ಎದ್ದು ಹೋಗಿದ್ದಾಳೆ.
ಬಂದು ಕೂತಾಗ ಮನಸ್ಸು ಜೊತೆಗೆ ಬಂದಿಲ್ಲ.
ಮೂರು ಸಾಲು ಸಡಿಲ.
ಆಮೇಲೆಲ್ಲ ಅವಸರ. ಬಸ್ಸೋ, ಮಗುವೋ, ಮೇಸ್ತ್ರಿಯೋ."

ಪೆಟ್ಟಿಗೆಯ ಮೇಲೆ ಯಾವುದೋ ದೂರದ ಬಂದರಿನ ಹೆಸರಿತ್ತು.
ಹರಿದು ಒಲೆಗೆ ಹಾಕಿದ್ದೆ, ಓದದೆ.

ಸಡಿಲವಾದ ಮೂರನ್ನು ಮಾತ್ರ ಬಿಚ್ಚಿ
ನೀರು ಸವರಿ, ಎಳೆದು, ಮತ್ತೆ ಬಿಗಿದ.
ಇಡೀ ಆಸನ ಬಿಚ್ಚಿ ಹೆಣೆಯಲು ಅವನಿಗೆ ಎರಡು ದಿನ ಸಾಕಿತ್ತು.
"ಉಳಿದದ್ದು ಅವಳದು" ಎಂದ, "ಇರಲಿ."
ಈ ಮೂರೂ ಎಡಕ್ಕೇ ವಾಲಿವೆ,
ಆಮೇಲೆ ಮುಟ್ಟಿ ನೋಡಿದೆ.

ಕುರ್ಚಿ ನಿಲ್ಲಿಸಿ ಕೂತ. ನಾನು ಕಾಫಿ ತಂದೆ.
ತೋಳಿನ ಮೇಲೆ ಕೈಯಾಡಿಸಿದ,
ನಾನು ಸುಟ್ಟ ಉಂಗುರದ ಅಂಚು ಬೆರಳಿಗೆ ಸಿಕ್ಕಿತು;
ಅಲ್ಲೊಮ್ಮೆ ತಡೆದು,
ಕಪ್ಪನ್ನು ಎರಡಂಗುಲ ಪಕ್ಕಕ್ಕೆ ಇಟ್ಟ.